ಅಂಚಿನ ಮೇಲಿನ ಗೆರೆಗಳು

ಜಯನಗರ, ಬೆಂಗಳೂರು
20 ಜೂನ್ 1977

ಪೂಜ್ಯ ಅಂಜನಮ್ಮನವರಿಗೆ ನಮಸ್ಕಾರಗಳು.

ಈ ಕಾಗದ ನೋಡಿ ನೀವು ಗಾಬರಿಯಾಗಬಾರದು. ಕನಕ ಚೆನ್ನಾಗಿದ್ದಾಳೆ. ಅದಕ್ಕೇ ಅದನ್ನು ಮೊದಲು ಬರೆದೆ.

ನಾನು ಜಯಶೀಲಾ. ನಿಮ್ಮ ಮಗಳು ತೀರಿಕೊಂಡ ಮೇಲೆ ನಿಮ್ಮ ಅಳಿಯ ಗಂಗಾಧರಯ್ಯನವರನ್ನು ಮದುವೆಯಾಗಿ ಬಂದವಳು. ನೀವು ನನ್ನನ್ನು ಒಮ್ಮೆ ನೋಡಿದ್ದೀರಿ. ಮೊಮ್ಮಗಳನ್ನು ಕೋಣನಕುಂಟೆಗೆ ಕರೆದೊಯ್ಯುತ್ತೇನೆಂದು ನೀವು ಬಂದಿದ್ದ ದಿನ ನಾನು ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಇವರು ಮಗುವನ್ನು ಕಳಿಸಲಿಲ್ಲ. ನೀವು ಕಾಫಿ ಕುಡಿಯಲಿಲ್ಲ. ಇನ್ನು ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಹೇಳಿ ಹೊರಟಿರಿ. ಅದಾಗಿ ಮೂರು ವರ್ಷವಾಗುತ್ತ ಬಂತು. ಇಲ್ಲಿಂದ ನಿಮ್ಮೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಂತೆ. ಈ ಕಾಗದಕ್ಕೆ ಮಾತ್ರ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ವಿಷಯ ಇಷ್ಟು. ಹೋದ ವಾರ ಬಿಸಿಲು ಬಂದ ಒಂದು ದಿನ ಟ್ರಂಕುಗಳನ್ನು ಹಿತ್ತಲಲ್ಲಿ ಬಿಚ್ಚಿ ಇಟ್ಟಿದ್ದೆ. ಒಂದರ ತಳದಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿದ್ದ ರೇಷ್ಮೆ ಲಂಗ ಸಿಕ್ಕಿತು. ಬದನೆಕಾಯಿ ಬಣ್ಣ, ಅರಿಶಿನದ ಅಂಚು. ಕನಕ ಅದನ್ನು ಮುಖಕ್ಕೆ ಒತ್ತಿಕೊಂಡು "ಇದು ನಮ್ಮಮ್ಮಂದು" ಎಂದಳು. ಹೇಗೆ ಗೊತ್ತು ಎಂದರೆ "ವಾಸನೆ" ಎಂದಳು. ನಾನೂ ಮೂಸಿ ನೋಡಿದೆ. ನುಸಿಗುಳಿಗೆಯ ವಾಸನೆ ಬಿಟ್ಟು ನನಗೆ ಬೇರೇನೂ ಸಿಗಲಿಲ್ಲ.

ಗೌರಿ ಹಬ್ಬಕ್ಕೆ ಅದನ್ನೇ ಹಾಕಿಕೊಳ್ಳಬೇಕೆಂದು ಅವಳ ಹಟ. ಹಾಕಿದರೆ ಒಂದು ಗೇಣು ನೆಲದ ಮೇಲೆ ಬಿದ್ದಿರುತ್ತದೆ. ನಾಲ್ಕನೇ ಬ್ಲಾಕಿನ ಟೈಲರ್ ಹತ್ತಿರ ಒಯ್ದೆ. "ಕೆಳಗಡೆ ಕತ್ತರಿಸ್ಬಿಟ್ಟು ಅಂಚು ಮೇಲಕ್ಕೆ ಕೂಡಿಸ್ಕೊಡ್ತೀನಿ ಮೇಡಂ, ಸಂಜೆ ಬನ್ನಿ" ಎಂದು ಕತ್ತರಿ ಎತ್ತಿಯೇಬಿಟ್ಟ. ಲಂಗವನ್ನು ಅವನ ಕೈಯಿಂದ ಕಿತ್ತುಕೊಂಡು ಬಂದೆ. ದಾರಿಯುದ್ದಕ್ಕೂ ಅದನ್ನು ಮಗುವಿನಂತೆ ಅಪ್ಪಿಕೊಂಡಿದ್ದೆ ಎಂದು ಮನೆಗೆ ಬಂದ ಮೇಲೆ ತಿಳಿಯಿತು.

ಕತ್ತರಿಸದೆ ಗಿಡ್ಡ ಮಾಡುವುದು ಹೇಗೆ? ನಾನು ಅಣ್ಣನ ಮನೆಯಲ್ಲಿ ಪುಸ್ತಕ ಓದುತ್ತ ಬೆಳೆದವಳು. ಹೊಲಿಗೆಯಲ್ಲಿ ಗುಂಡಿ ಹಾಕುವುದೊಂದು ಬರುತ್ತದೆ. ಆ ಲಂಗ ಹೊಲಿದವರು ನೀವೆಂದು ಇವರು ಹೇಳಿದರು. ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ.

ಇತಿ,
ಜಯಶೀಲಾ


ಕೋಣನಕುಂಟೆ
2 ಜುಲೈ 1977

ಶ್ರೀಮತಿ ಜಯಶೀಲಾ ಅವರಿಗೆ ಅಂಜನಮ್ಮ ಬರೆಯುವುದು.

ಕಾಗದ ಬಂತು. ಉತ್ತರ ಬರೆಯುವುದೋ ಬೇಡವೋ ಎಂದು ಇಷ್ಟು ದಿನ ಗೋಡೆಯ ಗೂಡಿನಲ್ಲಿಟ್ಟಿದ್ದೆ. ನನ್ನ ಓದು ಊರಿನ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿಗೆ ನಿಂತಿತು. ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ಲಂಗಕ್ಕೆ ಕತ್ತರಿ ಹಾಕಬೇಡಿ. ಅದು ನನ್ನ ಧಾರೆ ಸೀರೆ. ಮಗಳಿಗಾಗಿ ಒಂದು ಸಲ ಕತ್ತರಿ ಹಾಕಿದ್ದೇನೆ. ಇನ್ನೊಂದು ಸಲ ಬೇಡ.

ಲಂಗವನ್ನು ಒಳಮಗ್ಗುಲು ಹೊರಗೆ ಬರುವಂತೆ ತಿರುವಿ ಚಾಪೆಯ ಮೇಲೆ ಹರಡಿ. ಅಂಚಿನ ಮೇಲುಗಡೆ, ಸುತ್ತಲೂ ಒಂದೇ ಸಮನಾಗಿ ಬಟ್ಟೆಯನ್ನು ಮಡಿಚಿ. ಸೀಮೆಸುಣ್ಣ ಬೇಡ, ಕಲೆ ಕೂರುತ್ತದೆ. ಉಗುರಿನಲ್ಲಿ ಗೀರಿದರೆ ರೇಷ್ಮೆ ಗೆರೆ ಹಿಡಿಯುತ್ತದೆ. ಗುಂಡುಪಿನ್ನೂ ಬೇಡ, ತೂತು ಮುಚ್ಚುವುದಿಲ್ಲ. ಸಣ್ಣ ಸೂಜಿ, ಒಂಟಿ ದಾರ. ಮೊದಲು ದೂರ ದೂರ ಕಚ್ಚಾ ಹೊಲಿಗೆ ಹಾಕಿ ಮಗುವಿಗೆ ತೊಡಿಸಿ ನೋಡಿ. ಸರಿಯಿದ್ದರೆ ಅದರ ಪಕ್ಕದಲ್ಲೇ ಹತ್ತಿರ ಹತ್ತಿರ ಹೊಲಿದು, ಕಚ್ಚಾ ದಾರ ಎಳೆದುಬಿಡಿ. ದಾರ ಬಿಗಿಯಬೇಡಿ. ಬಿಗಿದರೆ ಬಟ್ಟೆ ಮುಖ ಸಿಂಡರಿಸುತ್ತದೆ.

ಬಿಸಿಲಲ್ಲಿ ಆಡಿದರೆ ಹುಡುಗಿಗೆ ಮೂಗಿನಲ್ಲಿ ರಕ್ತ ಬರುತ್ತದೆ. ಈರುಳ್ಳಿ ಜಜ್ಜಿ ಮೂಸಿಸಿ. ಅವಳ ತಾಯಿಗೂ ಹಾಗೇ ಆಗುತ್ತಿತ್ತು.

ಇತಿ,
ಅಂಜನಮ್ಮ


ಜಯನಗರ
17 ಜುಲೈ 1977

ಪೂಜ್ಯ ಅಂಜನಮ್ಮನವರಿಗೆ ನಮಸ್ಕಾರಗಳು.

ಉತ್ತರ ಬರೆದಿರಿ, ಅದೇ ದೊಡ್ಡದು. ನನ್ನ ಮೊದಲನೆಯ ಕಾಗದವನ್ನು ಅಂಚೆಗೆ ಹಾಕಲು ಇವರ ಕೈಗೇ ಕೊಟ್ಟಿದ್ದೆ. ವಿಳಾಸ ನೋಡಿದರು, ಜೇಬಿನಲ್ಲಿಟ್ಟುಕೊಂಡರು. ನಿಮ್ಮ ಕಾಗದ ಬಂದ ದಿನ ಅದನ್ನು ತಂದು ನನಗೆ ಕೊಟ್ಟು, ಹಿತ್ತಲಿಗೆ ಹೋಗಿ ಕನಕಾಂಬರದ ಗಿಡಕ್ಕೆ ನೀರು ಹಾಕಿದರು. ಆಗ ಮಳೆ ಬರುತ್ತಿತ್ತು.

ನೀವು ಹೇಳಿದ ಹಾಗೇ ಮಾಡಿದೆ. ಆದರೆ ಒಂದು ಎಡವಟ್ಟಾಯಿತು. ಲಂಗ ಒಂದು ಗೇಣು ಉದ್ದವಿದೆಯಲ್ಲ ಎಂದು ಒಂದು ಗೇಣು ಆಳದ ಮಡಿಕೆಯನ್ನೇ ಮಡಿಚಿದೆ. ಎರಡು ಮಧ್ಯಾಹ್ನ ಕೂತು ಸುತ್ತಲೂ ಹೊಲಿದೆ. ಕಚ್ಚಾ ಹೊಲಿಗೆ ಹಾಕಿ ನೋಡುವಷ್ಟು ತಾಳ್ಮೆಯಿರಲಿಲ್ಲ, ನೇರವಾಗಿ ಗಟ್ಟಿ ಹೊಲಿಗೆಗೇ ಇಳಿದೆ. ಕನಕಳಿಗೆ ತೊಡಿಸಿದರೆ ಅಂಚು ಮೊಣಕಾಲಿನ ಹತ್ತಿರ! ಅವಳು ಕನ್ನಡಿಯ ಮುಂದೆ ನಿಂತು, "ಚಿಕ್ಕಮ್ಮ, ಇದು ಲಂಗಾನಾ ಚಡ್ಡೀನಾ? ಗೌರಮ್ಮನ್ ಮುಂದೆ ಕಬಡ್ಡಿ ಆಡ್ಲಾ?" ಎಂದಳು. ಮಡಿಚಿದ ಬಟ್ಟೆ ಎರಡು ಕಡೆಯಿಂದಲೂ ಉದ್ದವನ್ನು ತಿನ್ನುತ್ತದೆ ಎಂದು ಆಗ ಹೊಳೆಯಿತು. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೋಗಲಿಲ್ಲವಲ್ಲ ಎಂದು ನಾನೂ ನಕ್ಕೆ.

ಹೊಲಿಗೆ ಬಿಚ್ಚಲು ಕಿಟಕಿಯ ಹತ್ತಿರ ಕೂತೆ. ಮಳೆ ನಿಂತು ಎಳೆಬಿಸಿಲು ಬಂದಿತ್ತು. ಲಂಗವನ್ನು ಸರಳಿಗೆ ತೂಗುಹಾಕಿದೆ. ಬೆಳಕು ರೇಷ್ಮೆಯನ್ನು ದಾಟಿ ಬಂದು ನೆಲವೆಲ್ಲ ಬದನೆಕಾಯಿ ಬಣ್ಣವಾಯಿತು. ಕನಕ ಆ ಬಣ್ಣದಲ್ಲಿ ಅಂಗಾತ ಮಲಗಿ, ಕೈಗಳನ್ನು ಮೆಲ್ಲಗೆ ಆಡಿಸುತ್ತ, "ನೀರೊಳಗೆ ಇದ್ದಂಗಿದೆ" ಎಂದಳು. ನಾನೂ ಪಕ್ಕದಲ್ಲಿ ಮಲಗಿಕೊಂಡೆ. ಎಷ್ಟು ಹೊತ್ತೋ ಗೊತ್ತಿಲ್ಲ. ಒಲೆಯ ಮೇಲಿನ ಬೇಳೆ ಸೀದ ವಾಸನೆ ಬಂದಾಗಲೇ ಎದ್ದದ್ದು.

ಮಲಗಿ ನೋಡುವಾಗ ಒಂದು ಕಂಡಿತು. ಅಂಚಿನ ಮೇಲೆ, ಒಂದರ ಮೇಲೊಂದರಂತೆ ಮೂರು ಪಟ್ಟೆಗಳಿವೆ. ಉಳಿದ ರೇಷ್ಮೆಗಿಂತ ಅಲ್ಲಿ ಬಣ್ಣ ಗಾಢ. ಪ್ರತಿ ಪಟ್ಟೆಯ ನಡುವೆ ಕೂದಲೆಳೆಯಂಥ ನೆಟ್ಟನೆಯ ಗೆರೆ. ಅವು ನೇಯ್ಗೆಯವಲ್ಲ. ಏನು ಅವು?

ಕನಕಳಿಗೆ ಮೂಗಿನಲ್ಲಿ ರಕ್ತ ಬಂದದ್ದನ್ನು ನಾನು ಈವರೆಗೆ ಕಂಡಿಲ್ಲ. ಬಂದರೆ ಈರುಳ್ಳಿಯ ಮಾತು ನೆನಪಿಟ್ಟುಕೊಂಡಿರುತ್ತೇನೆ.

ಇತಿ,
ಜಯಶೀಲಾ


ಕೋಣನಕುಂಟೆ
28 ಜುಲೈ 1977

ಜಯಶೀಲಾ ಅವರಿಗೆ,

ಚಡ್ಡಿಯ ಮಾತು ಓದಿ ನಕ್ಕುಬಿಟ್ಟೆ. ಗೋಡೆಯಾಚೆಯಿಂದ ಪಕ್ಕದ ಮನೆಯ ಸೊಣ್ಣಮ್ಮ "ಏನಕ್ಕಾ, ಒಬ್ಳೇ ನಗ್ತಿದೀಯಾ?" ಎಂದಳು. ಹೇಳಿದೆ. "ಮಗಳ ಸವತಿಗೆ ಹೊಲಿಗೆ ಪಾಠ ಹೇಳ್ಕೊಡ್ತಿದೀಯಾ? ಸರಿಹೋಯ್ತು ಬಿಡು!" ಎಂದಳು. ನಗು ನಿಂತಿತು. ಆದರೂ ಬರೆಯುತ್ತಿದ್ದೇನೆ.

ಆ ಪಟ್ಟೆಗಳು ನನ್ನ ಕೈಯವು. ಮಗಳು ಮುನಿಲಕ್ಷ್ಮಿಗೆ ಎಂಟು ವರ್ಷವಾದಾಗ ಗೌರಿ ಹಬ್ಬಕ್ಕೆ ಆ ಲಂಗ ಹೊಲಿದೆ. ಬೆಳೆಯುವ ಹುಡುಗಿಗೆ ಬೇಕೆಂದೇ ಉದ್ದ ಹೊಲಿದು, ಅಂಚಿನ ಮೇಲೆ ಮೂರು ಮಡಿಕೆ ಹಾಕಿ ಗಿಡ್ಡ ಮಾಡಿದೆ. ವರ್ಷ ವರ್ಷ ಹಬ್ಬಕ್ಕೆ ಮುಂಚೆ ಒಂದೊಂದು ಮಡಿಕೆ ಬಿಚ್ಚುವುದು. ನನ್ನ ಕೈಗೆ ಬ್ಲೇಡು ಕೊಡುತ್ತಿರಲಿಲ್ಲ ಅವಳು. ತಾನೇ ಹಲ್ಲಿನಲ್ಲಿ ದಾರ ಕಚ್ಚಿ ಎಳೆಯುತ್ತಿದ್ದಳು. ಎಳೆದು, ಎದ್ದು ನಿಂತು, "ಅವ್ವಾ, ನಾನು ಒಂದ್ ಮಡಿಕೆ ಬೆಳ್ದೆ" ಎನ್ನುತ್ತಿದ್ದಳು. ಮಡಿಕೆಯ ಒಳಗಿದ್ದ ರೇಷ್ಮೆ ಬಿಸಿಲು ಕಾಣಲಿಲ್ಲ. ಅದಕ್ಕೇ ಅಲ್ಲಿ ನನ್ನ ಮದುವೆಯ ದಿನದ ಬಣ್ಣವೇ ಇದೆ.

ನೀವು ಅಳತೆ ಹಿಡಿಯುವುದೇ ಬೇಡ. ಕನಕಳಿಗೂ ಈಗ ಎಂಟು. ಮೂರು ಗೆರೆಗಳ ಮೇಲೆ ಮೂರು ಮಡಿಕೆ ಹಾಕಿ. ಸರಿಯಾಗಿ ಕೂರುತ್ತದೆ. ನನ್ನ ಮಗಳು ಆ ವಯಸ್ಸಿಗೆ ಎಷ್ಟಿದ್ದಳೋ ಇವಳೂ ಅಷ್ಟೇ. ಕಣ್ಣು ಮುಚ್ಚಿದರೆ ಕಾಣುತ್ತಾಳೆ. ನನ್ನ ಸೊಂಟದವರೆಗೆ ಬರುತ್ತಾಳೆ.

ಮೊನ್ನೆ ಕನಸಿನಲ್ಲಿ ರಾಗಿ ಹೊಲದ ಬದುವಿನ ಮೇಲೆ ಆ ಲಂಗ ಹಾಕಿಕೊಂಡು ಒಬ್ಬಳು ಹೋಗುತ್ತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಪೈರಿನ ಮೇಲೆ ಅಂಚು ತೇಲಿಕೊಂಡು ಹೋದ ಹಾಗಿತ್ತು. ಕೂಗಿದೆ. ಯಾರ ಹೆಸರು ಹಿಡಿದು ಕೂಗಿದೆನೋ, ಎದ್ದ ಮೇಲೆ ನೆನಪಾಗಲಿಲ್ಲ.

ಇತಿ,
ಅಂಜನಮ್ಮ


ಜಯನಗರ
10 ಆಗಸ್ಟ್ 1977

ಅಂಜನಮ್ಮನವರಿಗೆ ನಮಸ್ಕಾರಗಳು.

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ಎಲ್ಲ ಸರಿಹೋಯಿತು ಎಂದು ಒಂದು ಸಾಲು ಬರೆದುಬಿಡೋಣ ಎಂದೂ ಅನಿಸಿತು.

ಸರಿಹೋಗಲಿಲ್ಲ ಅಮ್ಮ. ನಿಮ್ಮ ಮೂರೂ ಗೆರೆಗಳ ಮೇಲೆ ಮಡಿಚಿದೆ. ನಿಜ ಹೇಳಬೇಕೆಂದರೆ ಬಟ್ಟೆ ತಾನಾಗಿ ಮಡಿಚಿಕೊಂಡಿತು, ನಾನು ಬೆರಳಿಟ್ಟೆ ಅಷ್ಟೆ. ತೊಡಿಸಿದರೆ ಅಂಚು ಮೀನಖಂಡದ ಮೇಲೆ ನಿಂತಿತು. ಒಂದು ಮಡಿಕೆ ಬಿಚ್ಚಿದೆ. ಆದರೂ ಗೆಜ್ಜೆಯ ಮೇಲೆ ಬೋಳು ಕಾಲು ಕಾಣುತ್ತದೆ. ಇನ್ನೊಂದು ಬಿಚ್ಚಿದೆ. ಈಗ ನೆಲ ಗುಡಿಸುತ್ತದೆ. ನಿಮ್ಮ ಯಾವ ಗೆರೆಗೂ ಅವಳು ಹೊಂದುತ್ತಿಲ್ಲ.

ಕನಕ ಎತ್ತರದ ಹುಡುಗಿ. ಕ್ಲಾಸಿನಲ್ಲಿ ಕೊನೆಯ ಬೆಂಚು. ಹೋದ ವರ್ಷದ ಯೂನಿಫಾರಂ ಈ ವರ್ಷ ಬರಲಿಲ್ಲ. ನಾನು ಲಂಗ ಹಿಡಿದು ಅವಳ ಸುತ್ತ ಮೊಣಕಾಲೂರಿ ತಿರುಗುತ್ತಿರುವುದನ್ನು ನೋಡುತ್ತಿದ್ದ ಇವರು ಪೇಪರ್ ಕೆಳಗಿಟ್ಟು, "ಅವಳು ಅವರಮ್ಮನ್ ಥರ ಅಲ್ಲ ಕಣೇ. ಅಜ್ಜಿ ಥರ. ಅತ್ತೆ ನಮ್ಮ ಹಳೇ ಮನೆಗೆ ಬಂದ್ರೆ ಬಾಗಿಲಲ್ಲಿ ತಲೆ ಬಗ್ಗಿಸ್ಕೊಂಡೇ ಬರ್ತಿದ್ದದ್ದು" ಎಂದರು. ನಾನು ಬಂದ ಮೇಲೆ ಈ ಮನೆಯಲ್ಲಿ ಅವರು ನಿಮ್ಮ ಮಾತು ಎತ್ತಿದ್ದು ಅದೇ ಮೊದಲು. ಎತ್ತಿ, ಮತ್ತೆ ಪೇಪರ್ ಹಿಡಿದರು. ಬಹಳ ಹೊತ್ತು ಪುಟ ತಿರುವಲಿಲ್ಲ.

ನಿಮ್ಮ ಎರಡು ಗೆರೆಗಳ ನಡುವೆ ಹೊಸದಾಗಿ ಒಂದು ಮಡಿಕೆ ಹಾಕಿದರೆ ಸರಿಯಾಗಬಹುದು. ಆದರೆ ರೇಷ್ಮೆಯಲ್ಲಿ ಹೊಸ ಗೆರೆ ಬಿದ್ದರೆ ಅಳಿಸಲು ಬರುವುದಿಲ್ಲವಲ್ಲ. ನೀವು ಹೂಂ ಎನ್ನದೆ ಹಾಕುವುದಿಲ್ಲ.

ಇತಿ,
ಜಯಶೀಲಾ


ಕೋಣನಕುಂಟೆ
14 ಆಗಸ್ಟ್ 1977

ಜಯಶೀಲಾ ಅವರಿಗೆ,

ನೀವು ತಪ್ಪು ಮಡಿಚಿದ್ದೀರಿ. ಹೊಲಿಗೆ ಬಾರದವರು ಬೇರೆಯವರ ಗೆರೆ ತಪ್ಪೆನ್ನಬಾರದು. ಎಂಟು ವರ್ಷದ ಮಗು ಎಷ್ಟಿರುತ್ತದೆಂದು ಹೆತ್ತವಳಿಗೆ ಗೊತ್ತು.

ಹೊಸ ಗೆರೆ ಬೇಡ. ಆ ಲಂಗ ನನಗೆ ಕಳಿಸಿಬಿಡಿ. ಸೊಣ್ಣಮ್ಮ ಶನಿವಾರ ಸೊಪ್ಪು ಮಾರಲು ನಿಮ್ಮ ಕಡೆ ಬರುತ್ತಾಳೆ. ಅವಳ ಕೈಗೆ ಕೊಡಿ. ಹಬ್ಬಕ್ಕೆ ಹುಡುಗಿಗೆ ಬೇರೆ ಬಟ್ಟೆ ತೆಗೆಸಿ.

ಮಗಳದು ಎಂದು ಹಿಡಿದುಕೊಳ್ಳಲು ನನ್ನ ಹತ್ತಿರ ಒಂದು ಚಿಂದಿಯೂ ಇಲ್ಲ.

ಅಂಜನಮ್ಮ


ಜಯನಗರ
22 ಆಗಸ್ಟ್ 1977

ಅಮ್ಮನವರಿಗೆ,

ಸೊಣ್ಣಮ್ಮನವರು ಬಂದಿದ್ದರು. ದಂಟಿನ ಸೊಪ್ಪು ಕೊಂಡೆ, ಕಾಫಿ ಕೊಟ್ಟೆ. ಲಂಗ ಕೊಡಲಿಲ್ಲ. "ಕೊಟ್ಬಿಡಮ್ಮಾ ಅತ್ಲಾಗೆ, ನಿನಗ್ಯಾಕೆ ಆ ಉಸಾಬರಿ" ಎಂದರು. ಅಷ್ಟರಲ್ಲಿ ಕನಕ ಸ್ಕೂಲಿಂದ ಬಂದಳು. ಸೊಣ್ಣಮ್ಮನವರು ಲೋಟ ಕೆಳಗಿಟ್ಟು, "ಅಯ್ಯೋ ನನ್ನವ್ವಾ! ಅಂಜನಕ್ಕನ್ನೇ ಮಡಿಚಿ ಗಿಡ್ಡ ಮಾಡ್ದಂಗವ್ಳಲ್ಲಾ!" ಎಂದರು. ಅವರು ನಿಮಗೆ ಇದನ್ನು ಹೇಳಿದರೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಲಂಗ ಇಟ್ಟುಕೊಂಡದ್ದು ಹಟಕ್ಕಲ್ಲ. ಈ ಮನೆಯಲ್ಲಿ ನನಗಿಂತ ಮೊದಲಿದ್ದವರ ಪಾತ್ರೆಗಳಲ್ಲಿ ಅಡುಗೆ ಮಾಡುತ್ತೇನೆ, ಅವರು ನೆಟ್ಟ ಗಿಡದ ಹೂ ಮುಡಿಯುತ್ತೇನೆ. ಅವರದೆಂದು ಇರುವುದರಲ್ಲಿ ನನ್ನದು ಯಾವುದೂ ಅಲ್ಲವೆಂದು ನನಗೆ ಗೊತ್ತು. ಲಂಗ ನಿಮ್ಮದು. ಆದರೆ ಅದನ್ನು ಬರಿದಾಗಿ ಮಡಿಚಿ ಸೊಪ್ಪಿನ ಬುಟ್ಟಿಯಲ್ಲಿ ಕಳಿಸಿದರೆ, ನೀವು ಅದನ್ನು ಗೂಡಿನಲ್ಲಿಟ್ಟು ಕಣ್ಣು ಮುಚ್ಚಿಕೊಂಡೇ ಇರುತ್ತೀರಿ ಎಂದು ನನಗೆ ಭಯ.

ಲಂಗ ಬೇಕಾದರೆ ನೀವೇ ಬನ್ನಿ. ಅದರೊಳಗೆ ಒಬ್ಬ ಹುಡುಗಿ ಇರುತ್ತಾಳೆ.

ಹೊಸಿಲು ತುಳಿಯುವುದಿಲ್ಲ ಎಂದು ಮಾತಾಡಿದ್ದೀರಿ. ನಿಮ್ಮ ಮಾತು ಮುರಿಯಿರಿ ಎಂದು ನಾನು ಹೇಳುವುದಿಲ್ಲ. ನಮ್ಮ ಹಿತ್ತಲ ಬಾಗಿಲಿಗೆ ಹೊಸಿಲಿಲ್ಲ. ಕಟ್ಟಿದ ಮೇಸ್ತ್ರಿ ಮರೆತನೋ, ಮರ ಸಾಲಲಿಲ್ಲವೋ, ಬರೀ ಒಂದು ಕಲ್ಲಿನ ಮೆಟ್ಟಿಲಿದೆ. ಪಕ್ಕದ ಓಣಿಯಿಂದ ಬಂದರೆ ಒಗೆಯುವ ಕಲ್ಲು, ಅದರಾಚೆ ಬಾಗಿಲು. ಹಬ್ಬದವರೆಗೂ ಅದನ್ನು ಹಗಲೆಲ್ಲ ತೆರೆದೇ ಇಟ್ಟಿರುತ್ತೇನೆ.

ಇತಿ,
ಜಯಶೀಲಾ


ಕೋಣನಕುಂಟೆ
18 ಸೆಪ್ಟೆಂಬರ್ 1977

ಚಿ. ಸೌ. ಜಯಶೀಲಾಳಿಗೆ ಆಶೀರ್ವಾದ.

ಊರಿಗೆ ಸುಖವಾಗಿ ಬಂದು ಸೇರಿದೆ. ಸಾರಕ್ಕಿಯವರೆಗೆ ನಿಂತೇ ಬಂದೆ, ಆಮೇಲೆ ಸೀಟು ಸಿಕ್ಕಿತು. ನೀನು ಕಟ್ಟಿಕೊಟ್ಟ ಕಡುಬು ಸೊಣ್ಣಮ್ಮನಿಗೂ ಕೊಟ್ಟೆ. ತಿಂದಳು. ಸವತಿ ಗಿವತಿ ಎನ್ನಲಿಲ್ಲ.

ಎದುರಿಗಿದ್ದಾಗ ಆಡಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಅವತ್ತು ಹಿತ್ತಲಿಗೆ ಬಂದಾಗ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಹತ್ತಿರ ಬಂದರೆ ನನ್ನ ಎದೆಯ ಮಟ್ಟ ಬಂದಳು. ನಾನು ಅವಳ ಬೆನ್ನ ಹಿಂದೆ ನೋಡಿದೆ, ಇನ್ನೊಬ್ಬಳು ಬರುತ್ತಾಳೆಂದು. ನನ್ನ ಸೊಂಟದವರೆಗೆ ಇರುವವಳು. ಯಾರೂ ಬರಲಿಲ್ಲ. "ಯಾರನ್ನ ಹುಡುಕ್ತಿದೀರಾ ಅಜ್ಜಿ?" ಎಂದು ಕೇಳಿದಳು. "ನಿನ್ನೇ" ಎಂದೆ. ಹೇಳುವಾಗ ಅದು ಸುಳ್ಳಾಗಿತ್ತು. ಹೇಳಿದ ಮೇಲೆ ನಿಜವಾಯಿತು.

ನಿನ್ನ ಗಂಡ ಒಗೆಯುವ ಕಲ್ಲಿನ ಹತ್ತಿರ ನನಗೆ ಕುರ್ಚಿ ತಂದು ಹಾಕಿದ. ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿತ್ತು. ಬಗ್ಗಿ ಅದರ ಕೆಳಗೆ ಹೆಂಚಿನ ಚೂರು ಇಟ್ಟ. ಅಷ್ಟು ಸಾಕು.

ಗೆರೆ ಗೀರಿ ಎಂದು ನೀನು ನನ್ನ ಕೈಗೆ ಲಂಗ ಕೊಟ್ಟೆ. ಕಣ್ಣು ಕಾಣದು ಎಂದು ನಾನು ಹಿಂದಕ್ಕೆ ಕೊಟ್ಟೆನಲ್ಲ, ಕಣ್ಣು ಅಷ್ಟೇನೂ ಮಂಜಾಗಿಲ್ಲ. ಅದು ನಿನ್ನ ಉಗುರಿನ ಗೆರೆಯೇ ಆಗಲಿ ಎನಿಸಿತು. ಈ ಹುಡುಗಿಯ ಎತ್ತರ ನನಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು.

ಒಂದು ಮಾತು ಹೇಳಲು ಬಿಟ್ಟಿದ್ದೆ. ದಾರದ ಕೊನೆಗೆ ದೊಡ್ಡ ಗಂಟು ಹಾಕಿದ್ದೀಯೆ. ಹಾಗೆ ಹಾಕಬಾರದು. ಬೆಳೆಯುವ ಹುಡುಗಿಯ ಮಡಿಕೆಯನ್ನು ಹಾಕುವುದೇ ಬಿಚ್ಚುವುದಕ್ಕೆ.

ಹಬ್ಬದವರೆಗೆ ನಾನು ನಿಲ್ಲಲಿಲ್ಲವಲ್ಲ, ಆ ದಿನ ಅವಳು ಹೇಗೆ ಕಂಡಳು, ಬರೆ.

ಇತಿ,
ಅಂಜನಮ್ಮ


ಜಯನಗರ
27 ಆಗಸ್ಟ್ 1978

ಅಮ್ಮನಿಗೆ ನಮಸ್ಕಾರಗಳು.

ಹೋದ ತಿಂಗಳು ನೀವು ಬಂದಾಗ ತಂದುಕೊಟ್ಟ ಅವರೆಬೀಜ ಹಿತ್ತಲಲ್ಲಿ ಮೊಳೆತಿದೆ. ಬಳ್ಳಿ ಹಬ್ಬಿಸಲು ಇವರು ಕೋಲು ನೆಡುತ್ತಿದ್ದಾರೆ. ಅತ್ತೆ ಬಂದರೆ ತಪ್ಪು ಹುಡುಕುತ್ತಾರೆ ಎಂದು ಗೊಣಗುತ್ತ ಒಂದೊಂದು ಕೋಲನ್ನೂ ಎರಡೆರಡು ಸಲ ನೆಟ್ಟರು.

ಹಬ್ಬ ಹತ್ತಿರ ಬಂತೆಂದು ಇವತ್ತು ಲಂಗ ತೆಗೆದೆ. ಹೋದ ವರ್ಷದ ಮಡಿಕೆ ಬಿಚ್ಚಬೇಕಿತ್ತು. ಬ್ಲೇಡು ತರಲು ಒಳಗೆ ಹೋದೆ. ತಿರುಗಿ ಬಂದು ನೋಡಿದರೆ ಕನಕ ಕಿಟಕಿಯ ಹತ್ತಿರ ಕೂತು, ನನ್ನ ದೊಡ್ಡ ಗಂಟನ್ನು ಹಲ್ಲಿನಲ್ಲಿ ಕಚ್ಚಿ ದಾರ ಎಳೆಯುತ್ತಿದ್ದಾಳೆ. ಯಾರೂ ಹೇಳಿಕೊಟ್ಟದ್ದಲ್ಲ. ನಿಮ್ಮ ಹೋದ ವರ್ಷದ ಕಾಗದದಲ್ಲಿದ್ದ ಹಲ್ಲಿನ ಮಾತನ್ನು ನಾನು ಅವಳಿಗೆ ಓದಿ ಹೇಳಿರಲಿಲ್ಲ. ಬ್ಲೇಡು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಅವಳ ಸುತ್ತ ನೆಲ ಮತ್ತೆ ಬದನೆಕಾಯಿ ಬಣ್ಣವಾಗಿತ್ತು. ಎತ್ತರ ನಿಮ್ಮದಿರಬಹುದು, ಆ ಹಲ್ಲು ಮಾತ್ರ ನಿಮ್ಮ ಮಗಳದು.

ದಾರ ಬಂದ ಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ಗೆರೆಗಳ ಮೇಲೆ ಬೆರಳಾಡಿಸಿದಳು. "ಇವೆಲ್ಲ ನೆಟ್ಟಗಿವೆ, ಅಜ್ಜೀದು. ಇದೊಂದು ಸೊಟ್ಟ. ಚಿಕ್ಕಮ್ಮ, ಇದು ನಿಂದು" ಎಂದಳು. ಇಸ್ತ್ರಿ ಮಾಡಿದರೆ ಹೋಗಬಹುದು ಎಂದೆ. "ಬೇಡ, ಇರ್ಲಿ. ಆಮೇಲೆ ಯಾವುದು ಯಾರದ್ದು ಅಂತ ಗೊತ್ತಾಗಲ್ಲ" ಎಂದಳು.

ಆಮೇಲೆ ತೊಡಿಸಿ ನೋಡಿದೆ. ಈ ವರ್ಷ ಒಂದು ಮಡಿಕೆ ಸಾಕು. ಅಳೆದೆ, ಮತ್ತೆ ಅಳೆದೆ. ಮಡಿಕೆ ನಿಮ್ಮ ಕೆಳಗಿನ ಗೆರೆಯ ಮೇಲೇ ಬಂದು ಕೂತಿತು. ಒಂದು ನೂಲೂ ಆಚೀಚೆ ಇಲ್ಲ. ಅಲ್ಲಿ ಗೀರಲು ನನಗೇನೂ ಇರಲಿಲ್ಲ. ಈ ಸಲ ಗಂಟು ಸಣ್ಣದಾಗಿ ಹಾಕಿದ್ದೇನೆ.

ಗೌರಿಗೆ ಹಿಂದಿನ ದಿನವೇ ಬಂದುಬಿಡಿ. ಎಲ್ಲರೂ ಮುಂಬಾಗಿಲಿಗೆ ರಂಗೋಲಿ ಹಾಕುತ್ತಾರೆ. ನಾನು ಹಿತ್ತಲ ಮೆಟ್ಟಿಲಿಗೂ ಹಾಕಿರುತ್ತೇನೆ.

ಇತಿ ನಿಮ್ಮ,
ಜಯಶೀಲಾ